ಕೌದಿಯ ನೂಲಿನ ಬಣ್ಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಪೇಟೆಗಳ ನಡುವಣ ವಾಮದಪದವು, ಹೆಸರೇ ಹೇಳುವಂತೆ, ಎತ್ತರದ ಮಟ್ಟಸ ನೆಲ. ಆಟಿಯ ಮಳೆ ಹಿಡಿಯಿತೆಂದರೆ ಅಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಹಸುಗೂಸಿರುವ ಮನೆಗೆ ಆ ದಿನಗಳಲ್ಲಿ ಆಧಾರವಾಗುವುದು, ಉಟ್ಟು ಉಟ್ಟು ಮೆದುವಾದ ಹತ್ತಿಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹಾಸು. ಯಾವ ಸೀರೆ ಎಂಬುದನ್ನು ಕುರಿತು ಮನೆಯಲ್ಲಿ ಚರ್ಚೆ ನಡೆಯುವುದು ಕಡಮೆ. ಸವೆದುದು ಯಾವುದೋ ಅದೇ ಆಯಿತು. ಸೂಜಿಗೆ ನೂಲು ಪೋಣಿಸುವ ಹೊತ್ತಿಗೆ ಮಾತ್ರ ಮಾತು ಏಳುತ್ತದೆ. ಬಿಳಿಯದು ಸಾಕೆಂದು ಅತ್ತೆ ಹೇಳಿದರೆ, ಕೆಂಪಾದರೆ ಚೆಂದವೆಂದು ಸೊಸೆ ಹೇಳುವಳು. ಇದು ಬರಿಯ ಅಭಿರುಚಿಯ ಭೇದವೆಂದು ಮೇಲ್ನೋಟಕ್ಕೆ ತೋರಿದರೂ, ಆ ಎರಡು ಮಾತುಗಳ ಹಿಂದೆ ಬಣ್ಣಗಾರರ ಕಡಾಯಿ, ಬಡವರ ಮಿತವ್ಯಯ, ಹಡಗಿನಲ್ಲಿ ಬಂದ ದಾರದ ಉಂಡೆ ಇವೆಲ್ಲವೂ ಇವೆ.

ಇಂತಹ ಹೊಲಿಗೆಗೆ ಬಯಲುಸೀಮೆಯ ಕನ್ನಡದಲ್ಲಿ ಕೌದಿ ಎಂದು ಹೆಸರು. ಮರಾಠಿಯವರ ಗೋಧಡಿ, ಕೊಂಕಣಿಯವರ ವಾಕಳ, ಸಿಂಧದ ರಲ್ಲಿ, ಬಂಗಾಳದ ಕಾಂಥಾ ಇವೆಲ್ಲ ಇದರ ಸೋದರಿಯರು. ಕರಾವಳಿಯಲ್ಲಿ ಚಾಪೆಯೂ ಕಂಬಳಿಯೂ ಹಾಸಿಗೆಯ ಕೆಲಸವನ್ನು ನಿರ್ವಹಿಸುತ್ತ ಬಂದುದರಿಂದ ಕೌದಿಯು ದೊಡ್ಡ ಪ್ರಮಾಣದಲ್ಲಿ ಬೆಳೆದುದು ಧಾರವಾಡ, ವಿಜಯಪುರ, ಬೆಳಗಾವಿಗಳ ಕಡೆಯಲ್ಲಿ, ಚಳಿಯ ರಾತ್ರಿಗಳುಳ್ಳ ಒಣನಾಡಿನಲ್ಲಿ. ಅಲ್ಲಿ ಮನೆಯ ಹೆಂಗಸರೂ ಹೊಲಿಯುತ್ತಿದ್ದರು. ಊರೂರು ತಿರುಗಿ ಕಾಳುಕಡಿಗಳ ಕೂಲಿಗೆ ಹೊಲಿದುಕೊಡುವವರೂ ಇದ್ದರು. ಇಳಕಲ್ಲಿನ ಸೀರೆಯ ತುಂಡು, ಗುಳೇದಗುಡ್ಡದ ಖಣದ ಚೂರು, ಧೋತರದ ಅಂಚು ಇವನ್ನು ಹಾಸಿ, ಮೇಲೊಮ್ಮೆ ಕೆಳಗೊಮ್ಮೆ ದಾಟುವ ನೇರ ಹೊಲಿಗೆಯಿಂದ ಬಿಗಿಯುವುದು ಇದರ ಕ್ರಮ. ಈ ಹೊಲಿಗೆಯು ಅಲಂಕಾರವೆಂದು ಹುಟ್ಟಿದುದಲ್ಲ. ಪದರಗಳು ಜಾರದಂತೆ ಹಿಡಿದು, ಅವುಗಳ ನಡುವೆ ಗಾಳಿಯನ್ನು ಸೆರೆಹಿಡಿದು ಬೆಚ್ಚಗಿರಿಸುವುದೇ ಅದರ ಕೆಲಸ. ಒಂದು ಕೌದಿಗೆ ಸಾವಿರಾರು ಹೊಲಿಗೆಗಳು ಬೀಳುವುದರಿಂದ, ಕಣ್ಣಿಗೆ ಮೊದಲು ಬೀಳುವುದು ಬಟ್ಟೆಯೋ ನೂಲೋ ಎಂಬುದು ನೂಲಿನ ಬಣ್ಣವನ್ನು ಅವಲಂಬಿಸುತ್ತದೆ.

ಈ ಪ್ರಶ್ನೆಯನ್ನು ಅತ್ಯಂತ ಸರಳವಾಗಿ ಬಿಡಿಸಿಕೊಂಡವರು ಸಂನ್ಯಾಸಿಗಳು. ಬೌದ್ಧ ಭಿಕ್ಷುಗಳ ಚೀವರವು ತುಂಡುಗಳನ್ನು ಕೂಡಿಸಿ ಹೊಲಿದ ವಸ್ತ್ರ. ಮಗಧದ ಗದ್ದೆಗಳ ಬದುಗಳನ್ನು ಬುದ್ಧನು ತೋರಿಸಲು, ಆ ಮಾದರಿಯಲ್ಲಿಯೇ ಆನಂದನು ತುಂಡುಗಳನ್ನು ಜೋಡಿಸಿದನೆಂದು ವಿನಯಪಿಟಕವು ಹೇಳುತ್ತದೆ. ಆ ವಸ್ತ್ರವನ್ನು ಹೊಲಿದ ಮೇಲೆ ಬಣ್ಣದ ನೀರಿನಲ್ಲಿ ಅದ್ದುವುದು ವಾಡಿಕೆಯಾದುದರಿಂದ ಬಟ್ಟೆಗೂ ನೂಲಿಗೂ ಒಂದೇ ಕಾಷಾಯ, ಆಯ್ಕೆಯೆಂಬುದೇ ಇಲ್ಲ. ಇದಕ್ಕೆ ಸಮೀಪವಾದ ಇನ್ನೊಂದು ವಸ್ತ್ರ ತುಳುನಾಡಿಗೂ ಹೊಸತಲ್ಲ. ಮಂಗಳೂರಿನ ಕದ್ರಿಯು ನಾಥಪಂಥದ ಯೋಗಿಗಳ ಪ್ರಾಚೀನ ಸ್ಥಾನ. ಅಲ್ಲಿಯ ಲೋಕೇಶ್ವರ ವಿಗ್ರಹವನ್ನು ಆಳುಪರ ಕುಂದವರ್ಮನು ಕ್ರಿ. ಶ. 968ರಲ್ಲಿ ಸ್ಥಾಪಿಸಿದನೆಂದು ಅದರ ಪೀಠದ ಶಾಸನದಿಂದ ತಿಳಿದುಬರುತ್ತದೆ. ಜೋಗಿಯ ಹೆಗಲಿನ ಕಂಥೆಯೂ ಚಿಂದಿಗಳ ಹೊಲಿಗೆಯೇ. ಬಂಗಾಳದ ಕಾಂಥಾ ಎಂಬ ಹೆಸರನ್ನು ಕೇಳಿದವರಿಗೆ ಕಂಥೆ ಎಂಬ ಸಂಸ್ಕೃತದ ಮಾತು ನೆನಪಾಗದಿರದು. ಲೋಕವನ್ನು ತೊರೆದವನಿಗೆ ಕಾವಿಯೊಂದೇ ಸಾಕು. ಸಂಸಾರದಲ್ಲಿರುವವಳ ಮುಂದೆ ಹತ್ತು ಬಣ್ಣದ ಚೂರುಗಳು ಬಿದ್ದಿರುತ್ತವೆ. ಅವಳಿಗೆ ಆ ಸೌಲಭ್ಯವಿಲ್ಲ.

ಆದುದರಿಂದಲೇ ಬಣ್ಣವಿಲ್ಲದ ನೂಲಿಗೆ ಮೊದಲ ಸ್ಥಾನ ದೊರೆಯಿತು. ರಾಟೆಯಿಂದ ಬಂದ ಹತ್ತಿನೂಲಿಗೆ ಬಣ್ಣ ಹಾಕಿಸಬೇಕಾದರೆ ಹಣ ಕೊಡಬೇಕು. ಹಾಗೆಯೇ ಬಳಸಿದರೆ ಏನೂ ಇಲ್ಲ. ಕಪ್ಪು, ಕೆಂಪು, ಹಸುರು ಎಂಬ ಭೇದವಿಲ್ಲದೆ ಎಲ್ಲ ತುಂಡುಗಳ ಮೇಲೂ ಒಂದೇ ನೂಲು ಸಾಗುವುದರಿಂದ ಪದೇ ಪದೇ ಸೂಜಿ ಪೋಣಿಸುವ ಕಷ್ಟವೂ ತಪ್ಪುತ್ತದೆ. ಬೇರೆ ದೇಶಗಳ ಬಡವರೂ ಇದೇ ನಿರ್ಣಯಕ್ಕೆ ಬಂದಿದ್ದರು. ಜಪಾನಿನ ರೈತರ ಮನೆಗಳಲ್ಲಿ ನೀಲಿಯ ಬಟ್ಟೆಯ ಪದರಗಳನ್ನು ಬಿಳಿಯ ನೂಲಿನಿಂದ ಹೊಲಿಯುವ ಸಶಿಕೊ ಎಂಬ ಪದ್ಧತಿ ಬೆಳೆಯಿತು. ಈಗ ಅದನ್ನು ಚಿತ್ರಕಲೆಯಂತೆ ಮೆಚ್ಚುವವರು ಲೋಕದಲ್ಲೆಲ್ಲ ಇದ್ದಾರೆ. ಬಂಗಾಳದ ಸಾತಗಾಂವ್ ಕಡೆಯಿಂದ 16 ಮತ್ತು 17ನೆಯ ಶತಮಾನಗಳಲ್ಲಿ ಪೋರ್ತುಗಾಲಕ್ಕೆ ಹೋಗುತ್ತಿದ್ದ ಶ್ರೀಮಂತರ ಮೇಲುಹೊದಿಕೆಗಳಲ್ಲಿ ಕೂಡ ಬಿಳಿಯ ಹತ್ತಿಯ ಮೇಲೆ ಕಾಣುವ ಹೊಂಬಣ್ಣವು ಟಸರ್ ರೇಷ್ಮೆಯ ಸಹಜವರ್ಣವೇ. ಹುಳುವೇ ಬಣ್ಣಗಾರನಾದ ಮೇಲೆ ಬೇರೆ ಬಣ್ಣಗಾರನೇಕೆ?

ಬಣ್ಣದ ನೂಲು ಬೇಕಾದವಳು ಇನ್ನೊಂದು ಉಪಾಯವನ್ನು ಕಂಡುಕೊಂಡಿದ್ದಳು. ಹಳೆಯ ಸೀರೆಯ ಒಡಲು ಸವೆದು ಹರಿದರೂ ಅಂಚು ಗಟ್ಟಿಯಾಗಿ ಉಳಿಯುವುದುಂಟು. ಆ ಅಂಚಿನ ಎಳೆಗಳನ್ನು ಒಂದೊಂದಾಗಿ ಎಳೆದು, ಹುರಿಮಾಡಿ, ಹೊಲಿಗೆಗೆ ಬಳಸುವುದು ಬಂಗಾಳದ ಕಾಂಥಾದಲ್ಲಿ ಸಾಮಾನ್ಯವಾಗಿತ್ತು. ಅಲ್ಲಿಯ 19ನೆಯ ಶತಮಾನದ ಹೊದಿಕೆಗಳಲ್ಲಿ ಕೆಂಪು, ನೀಲಿ, ಕಪ್ಪುಗಳೇ ಮತ್ತೆ ಮತ್ತೆ ಕಂಡುಬರಲು ಕಾರಣ ಅವುಗಳ ಬಗೆಗಿದ್ದ ವಿಶೇಷ ಪ್ರೀತಿಯೊಂದೇ ಅಲ್ಲ, ಸೀರೆಗಳ ಅಂಚಿನಲ್ಲಿ ಆ ಬಣ್ಣಗಳಿದ್ದುದು. ಸ್ಟೆಲ್ಲಾ ಕ್ರಾಮ್ರಿಶ್ ವಿದುಷಿಯು 1939ರಲ್ಲಿ ಕಾಂಥಾವನ್ನು ಕುರಿತು ಬರೆದ ಪ್ರಬಂಧವು ಈ ಚಿಂದಿಯ ಕೆಲಸವನ್ನು ವಿದ್ವಾಂಸರ ಗಮನಕ್ಕೆ ತಂದಿತು. ಹೊಲಿಯುವವಳು ಬಣ್ಣವನ್ನು ಆರಿಸಿದಳೆಂದು ನೋಡುವವರು ಭಾವಿಸುವಲ್ಲಿ, ಆರಿಸಿದವನು ಎಷ್ಟೋ ವರ್ಷ ಹಿಂದೆ ಅಂಚನ್ನು ನೇಯ್ದ ನೇಕಾರನಾಗಿರುತ್ತಾನೆ.

ಇಷ್ಟಕ್ಕೂ ಆ ನೇಕಾರನಿಗಾದರೂ ಪೂರ್ಣ ಸ್ವಾತಂತ್ರ್ಯವಿತ್ತೆ? ಇಲ್ಲ. ಅವನು ಬಣ್ಣಗಾರನ ಅಧೀನ, ಬಣ್ಣಗಾರನು ಗಿಡಮರಗಳ ಅಧೀನ. ವೆಲ್ಲೆಸ್ಲಿಯ ಆಜ್ಞೆಯಂತೆ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಬೆಂಗಳೂರಿನ ಬಣ್ಣಗಾರರ ಕೆಲಸವನ್ನು ವಿವರವಾಗಿ ಬರೆದುಕೊಂಡನು. ಮಡ್ಡಿ, ಪಾಪ್ಲಿ ಮೊದಲಾದವುಗಳಿಂದ ಕೆಂಪನ್ನು ತೆಗೆಯುವ ಕ್ರಮವು ಅವನ ಗ್ರಂಥದಲ್ಲಿದೆ. 1801ರ ಆರಂಭದಲ್ಲಿ ಅವನು ಬಂಟ್ವಾಳ, ವೇಣೂರು, ಮೂಡುಬಿದಿರೆಗಳ ದಾರಿಯಾಗಿ, ಎಂದರೆ ವಾಮದಪದವಿನ ಆಸುಪಾಸಿನಲ್ಲಿಯೇ, ಹಾದುಹೋದನು.

ಹಳೆಯ ಬಣ್ಣಗಳಲ್ಲಿ ಒಂದೊಂದಕ್ಕೂ ಒಂದೊಂದು ಸ್ವಭಾವ. ಅರಸಿನವು ಎಲ್ಲಕ್ಕಿಂತ ಸುಲಭ; ಆದರೆ ಬಿಸಿಲಿಗೆ ಮಾಸುವುದು, ಬೂದಿಯ ನೀರೋ ಸಾಬೂನೋ ತಗಲಿದೊಡನೆ ಕೆಂಪಡರುವುದು. ಪತಂಗದ ಚಕ್ಕೆಯು ಕುದಿಸಿದ ದಿನ ಮದುವಣಗಿತ್ತಿಯಂತೆ ಕಂಗೊಳಿಸಿ, ಕೆಲವು ಒಗೆತಗಳಲ್ಲಿಯೇ ಪೇಲವವಾಗುವುದು. ಅಳಲೆಕಾಯಿಗೆ ಕಬ್ಬಿಣದ ನೀರು ಸೇರಿಸಿದರೆ ಒಳ್ಳೆಯ ಕಪ್ಪು ಬರುವುದೇನೋ ನಿಜ. ಆದರೆ ಆ ಕಬ್ಬಿಣವು ಕಾಲಕ್ರಮದಲ್ಲಿ ಎಳೆಯನ್ನೇ ತಿಂದುಹಾಕುತ್ತದೆ. ಹಳೆಯ ವಸ್ತ್ರಗಳಲ್ಲಿ ಮಿಕ್ಕ ಬಣ್ಣಗಳ ಎಳೆಗಳು ಉಳಿದು, ಕಪ್ಪು ಇದ್ದೆಡೆ ಬರಿಯ ಸೂಜಿಯ ರಂಧ್ರಗಳು ಉಳಿದಿರುವುದಕ್ಕೆ ಕಾರಣ ಇದು. ಹೀಗಿರಲು, ಕಪ್ಪು ಅಮಂಗಲವೆಂದು ಹಿರಿಯರು ಹೇಳುವಾಗ ಅದರಲ್ಲಿ ನಂಬಿಕೆ ಎಷ್ಟು, ಕೈಯ ಅನುಭವ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ನೀರಿಗೂ ಬಿಸಿಲಿಗೂ ಬಹುಮಟ್ಟಿಗೆ ತಡೆಯುವ ಬಣ್ಣಗಳೆಂದರೆ ಎರಡು ಮಾತ್ರ: ತೊಟ್ಟಿಯಲ್ಲಿ ಹುದುಗುಬರಿಸಿದ ನೀಲಿ, ಮಡ್ಡಿ ಅಥವಾ ಮಂಜಿಷ್ಠದ ಬೇರಿಗೆ ಪಟಿಕವನ್ನು ಕೂಡಿಸಿ ಪಡೆದ ಕೆಂಪು. ಈ ಕೆಂಪಿಗೆ ಬೇಕಾದ ಶ್ರಮವು ಸಾಮಾನ್ಯವಲ್ಲ. ಎಣ್ಣೆಯಲ್ಲಿ ನೆನೆಸುವುದು, ಒಣಗಿಸುವುದು, ಪಟಿಕದ ನೀರಿನಲ್ಲಿ ಅದ್ದುವುದು, ಬಣ್ಣದಲ್ಲಿ ಬೇಯಿಸುವುದು, ಮತ್ತೆ ಅದನ್ನೇ ಮಾಡುವುದು ಎಂದು ದಿನಗಟ್ಟಲೆ ಸಾಗುತ್ತಿತ್ತು. ಕೆಂಪುನೂಲು ಮಂಗಲಕರವೂ ಆಗಿತ್ತು, ದುಬಾರಿಯೂ ಆಗಿತ್ತು. ಸೊಸೆಯ ಆಸೆಯೂ ಅತ್ತೆಯ ತಡೆಯೂ ಅಂದಿನಿಂದ ಬಂದವು.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ದಕ್ಷಿಣ ಕನ್ನಡದಲ್ಲಿ ಅತ್ತೆಯ ಪಕ್ಷಕ್ಕೆ ಇನ್ನಷ್ಟು ಬಲವಿದೆ. ಒಣನಾಡಿನ ಕೌದಿಯನ್ನು ಒಗೆದು ಬಂಡೆಯ ಮೇಲೆ ಹರಡಿದರೆ ಸಂಜೆಗೆ ಮಡಚಬಹುದು. ಪದವಿನ ಮನೆಯಲ್ಲಿ ಅದು ನೀರು ಕುಡಿದು, ಜಗಲಿಯ ಹಗ್ಗದ ಮೇಲೆ ಗಂಟೆಗಟ್ಟಲೆ ತೊಟ್ಟಿಕ್ಕುತ್ತಿರುತ್ತದೆ. ಕಚ್ಚಾ ಬಣ್ಣವು ಹರಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿಲ್ಲ. ಒಂದು ಗೇಣು ನೂಲಿನ ಬಣ್ಣವು ಹಾಸಿನ ಇಡೀ ಮಗ್ಗುಲನ್ನು ಕೆಡಿಸಬಲ್ಲುದು.

ಇಂತಹ ನಾಡಿಗೆ ಪಕ್ಕಾ ಬಣ್ಣದ ಸುದ್ದಿ ಬಂದುದು ಸಮುದ್ರದ ಕಡೆಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನು ಕನ್ನಡ ಮುದ್ರಣಕ್ಕೆ ಮಾಡಿದ ಸೇವೆಯನ್ನು ಅರಿಯದವರಿಲ್ಲ. ಅದೇ ಸಂಸ್ಥೆಯ ನೇಯ್ಗೆಯ ಕೆಲಸಕ್ಕೆ 1851ರಲ್ಲಿ ಬಂದ ಜಾನ್ ಹಾಲರ್ ಎಂಬಾತನು ಯುರೋಪಿನ ಮಾದರಿಯ ಕೈಮಗ್ಗಗಳನ್ನೂ ಬಣ್ಣ ಹಾಕುವ ಶಾಲೆಯನ್ನೂ ಏರ್ಪಡಿಸಿದನು. ಖಾಕಿಯ ಬಣ್ಣವು ಅಲ್ಲಿಯೇ ಹುಟ್ಟಿತೆಂದು ಮಂಗಳೂರಿನವರು ಅಭಿಮಾನದಿಂದ ಹೇಳುವುದುಂಟು. ಆದರೆ ಖಾಕಿಯೆಂಬ ಹೆಸರೂ ಅಂತಹ ಉಡುಪೂ 1840ರ ದಶಕದ ಕೊನೆಯಲ್ಲಿ ಪೇಶಾವರದ ಕಡೆಯ ಗೈಡ್ಸ್ ದಳದಲ್ಲಿ ಬಳಕೆಗೆ ಬಂದಿದ್ದುದರಿಂದ, ಒಗೆತಕ್ಕೆ ನಿಲ್ಲುವ ಖಾಕಿಯನ್ನು ನೇಯ್ದ ಕೀರ್ತಿ ಮಂಗಳೂರಿಗೆ ಸಲ್ಲುವುದೆಂದರೆ ಸಾಕು. ಆ ಕೀರ್ತಿಯೂ ಚಿಕ್ಕದಲ್ಲ. ಮಿಶನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸೂಜಿಯ ಕೆಲಸವನ್ನೂ ಪಾಠವಾಗಿ ಕಲಿಸಿದರು.

ಇಲ್ಲಿ ಒಂದು ಆಕಸ್ಮಿಕವನ್ನು ಹೇಳದೆ ಮುಂದುವರಿಯಲಾಗದು. ಮಿಶನ್ನಿನ ತವರಾದ ಬಾಸೆಲ್ ನಗರವೇ ಅದೇ ಕಾಲದಲ್ಲಿ ಕೃತಕ ಬಣ್ಣಗಳ ನೆಲೆವೀಡಾಯಿತು. ವಿಲಿಯಂ ಪರ್ಕಿನ್ ಎಂಬ ಇಂಗ್ಲಿಷ್ ತರುಣನು 1856ರಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ನೇರಿಳೆಯ ಬಣ್ಣವನ್ನು ಪಡೆದ ಮೂರು ವರ್ಷಕ್ಕೆ, 1859ರಲ್ಲಿ, ಅಲೆಕ್ಸಾಂಡರ್ ಕ್ಲಾವೆಲ್ ಎಂಬವನು ಬಾಸೆಲಿನಲ್ಲಿ ಫುಕ್ಸಿನ್ ಎಂಬ ಕಡುಗುಲಾಬಿಯನ್ನು ತಯಾರಿಸತೊಡಗಿದನು. 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಯುರೋಪಿನ ಮಂಜಿಷ್ಠದ ಬೇರಿನಲ್ಲಿರುವ ಅಲಿಜರಿನ್ ಎಂಬ ಕೆಂಪನ್ನೇ ಪ್ರಯೋಗಶಾಲೆಯಲ್ಲಿ ಸೃಷ್ಟಿಸಿದರು. 1897ರಲ್ಲಿ ಕೃತಕ ನೀಲಿಯೂ ಮಾರಾಟಕ್ಕೆ ಬಂದಿತು. ಬೇರನ್ನು ಅಗೆಯುತ್ತಿದ್ದವರೂ ನೀಲಿಯನ್ನು ಬೆಳೆಯುತ್ತಿದ್ದವರೂ ಕೆಲವೇ ದಶಕಗಳಲ್ಲಿ ಕಸುಬನ್ನು ಕಳೆದುಕೊಂಡರು. ನೂಲಿನಲ್ಲಿಯೂ ಸುಧಾರಣೆಗಳಾದವು. ಜಾನ್ ಮರ್ಸರನು ಹತ್ತಿಯ ನೂಲನ್ನು ತೀಕ್ಷ್ಣವಾದ ಕ್ಷಾರದಲ್ಲಿ ಅದ್ದಿ ಗಟ್ಟಿಗೊಳಿಸುವ ಕ್ರಮವನ್ನು 1844ರಲ್ಲಿ ಕಂಡುಹಿಡಿದಿದ್ದನು. ಹಾಗೆ ಅದ್ದುವಾಗ ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ರೇಷ್ಮೆಯ ಹೊಳಪು ಬರುವುದೆಂದು ಆ ಶತಮಾನದ ಕೊನೆಯ ಭಾಗದಲ್ಲಿ ತಿಳಿಯಿತು. ಬಾಸೆಲಿನಿಂದ ಸುಮಾರು 30 ಕಿಲೋಮೀಟರ್ ದೂರದ ಮುಲೂಸಿನ ಡಿ.ಎಂ.ಸಿ. ಲಾಂಛನದ ನೂಲು ಜಗತ್ತಿನ ಹೊಲಿಗೆಯ ಪೆಟ್ಟಿಗೆಗಳನ್ನೆಲ್ಲ ಸೇರಿತು. ಒಂದು ಕಾಲದಲ್ಲಿ ದಿನಗಟ್ಟಲೆ ದುಡಿದು ಪಡೆಯುತ್ತಿದ್ದ ಕೆಂಪು ಈಗ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಉಂಡೆಯಾಗಿ ಕುಳಿತಿತು.

ಆದರೆ ಬಂದ ಹೊಸ ಬಣ್ಣಗಳೆಲ್ಲ ಪಕ್ಕಾ ಆಗಿರಲಿಲ್ಲ. ಮೊದಲ ಪೀಳಿಗೆಯ ಡಾಂಬರಿನ ಬಣ್ಣಗಳಲ್ಲಿ ಹಲವು ಬಿಸಿಲಿಗೆ ಹಾರುತ್ತಿದ್ದವು, ನೀರಿಗೆ ಹರಿಯುತ್ತಿದ್ದವು. ಅಗ್ಗದ ಬಣ್ಣವು ಅಳಲೆಯ ಕಪ್ಪಿಗಿಂತಲೂ ಹೆಚ್ಚು ಮೋಸಮಾಡಿತು. ಹಳೆಯದರ ದೋಷವು ಎಲ್ಲರಿಗೂ ತಿಳಿದಿತ್ತು, ಹೊಸದರ ದೋಷವು ಒಗೆದ ಮೇಲೆಯೇ ತಿಳಿಯುತ್ತಿತ್ತು. ಇದರ ಜತೆಗೆ ಇನ್ನೊಂದು ಧರ್ಮಸಂಕಟವೂ ಸೇರಿತು. ಗಾಂಧೀಜಿಯವರು 1920ರಲ್ಲಿ ಮಂಗಳೂರಿಗೆ ಬಂದರು. ಕಾರ್ನಾಡ್ ಸದಾಶಿವರಾಯರಂತಹವರು ಖಾದಿಯ ವ್ರತವನ್ನು ಮನೆಮನೆಗೆ ಒಯ್ದರು. ಉಟ್ಟ ಸೀರೆ ಖಾದಿಯದಾಗಿ, ಅದನ್ನು ಹೊಲಿಯುವ ಹೊಳಪಿನ ನೂಲು ಪರದೇಶದ್ದಾದರೆ ಏನು ಹೇಳಬೇಕು? ರಾಟೆಯ ಬಿಳಿನೂಲಿಗೆ ಬಡತನದ ಗುರುತೆಂಬ ಹೆಸರು ತಪ್ಪಿ, ಆತ್ಮಗೌರವದ ಗುರುತೆಂಬ ಹೆಸರು ಬಂದುದು ಈ ಕಾಲದಲ್ಲಿ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಆ ಚಳವಳಿಯಿಂದಲೇ ಬಂದು, ಸ್ವಾತಂತ್ರ್ಯಾನಂತರ ಅಖಿಲ ಭಾರತ ಕರಕುಶಲ ಮಂಡಲಿಯನ್ನು ನಡೆಸಿ, ಹೆಂಗಸರ ಸೂಜಿಯ ಕೆಲಸಕ್ಕೆ ದೇಶದ ಕಲೆಗಳ ಸಾಲಿನಲ್ಲಿ ಸ್ಥಾನವನ್ನು ಕೊಡಿಸಿದರು.

ಬಣ್ಣವು ಪಕ್ಕಾ ಆದ ಮೇಲೆ ಉಳಿಯುವುದು ಕಣ್ಣಿನ ಪ್ರಶ್ನೆ. ಇದನ್ನು ಶಾಸ್ತ್ರೀಯವಾಗಿ ಬಿಡಿಸಿದವನು ಪ್ಯಾರಿಸಿನ ಗೋಬೆಲಿನ್ ಕಾರ್ಖಾನೆಯ ಬಣ್ಣದ ಶಾಲೆಯ ಮುಖ್ಯಸ್ಥನಾಗಿದ್ದ ಶೆವ್ರ್ಯೋಲ್. ಅಲ್ಲಿಯ ಕಪ್ಪುನೂಲು ಕಪ್ಪಾಗಿಲ್ಲವೆಂದು ದೂರು ಬರಲು, ಅವನು ಪರೀಕ್ಷಿಸಿ, ದೋಷವು ಬಣ್ಣದಲ್ಲಿಲ್ಲ, ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಿಳೆಗಳಲ್ಲಿದೆ ಎಂದು ಕಂಡನು. ಒಂದು ಬಣ್ಣವು ತನ್ನ ನೆರೆಯದನ್ನು ಮಾರ್ಪಡಿಸುವ ಈ ನಿಯಮವನ್ನು ಅವನು 1839ರ ಗ್ರಂಥದಲ್ಲಿ ವಿಸ್ತರಿಸಿದನು. ಶೆವ್ರ್ಯೋಲನ ಹೆಸರನ್ನು ಕೇಳದ ದರ್ಜಿಗಳಿಗೂ ಇದರ ಒಂದು ಭಾಗ ಗೊತ್ತು: ಉಂಡೆಯಲ್ಲಿರುವಾಗ ಗಾಢವಾಗಿ ಕಾಣುವ ನೂಲು ಒಂಟಿ ಎಳೆಯಾಗಿ ಬಟ್ಟೆಯ ಮೇಲೆ ಬಿದ್ದಾಗ ತಿಳಿಯಾಗುತ್ತದೆ, ಆದುದರಿಂದ ಹೊಲಿಗೆ ಮರೆಯಾಗಬೇಕಾದರೆ ಬಟ್ಟೆಗಿಂತ ಒಂದು ಛಾಯೆ ಗಾಢವಾದುದನ್ನೇ ಕೊಳ್ಳಬೇಕು, ಕೊಳ್ಳುವ ಮುನ್ನ ಒಂದು ಎಳೆಯನ್ನು ಬಿಚ್ಚಿ ಬಟ್ಟೆಯ ಮೇಲೆ ಹಾಸಿ ನೋಡಬೇಕು. ಹತ್ತು ಬಣ್ಣದ ಚೂರುಗಳ ಮೇಲೆ ಒಂದೇ ನೂಲು ಮರೆಯಾಗಿ ಸಾಗಬೇಕಾದರೆ ಬೂದಿಬಣ್ಣವು ಬಿಳಿಗಿಂತ ಮೇಲು. ಬಿಳಿಯದು ಕಪ್ಪಿನ ಮೇಲೆ ಮಲ್ಲಿಗೆಯಂತೆ ಎದ್ದುಕಾಣುತ್ತದೆ.

ಹೊಲಿಗೆಯನ್ನು ಮರೆಮಾಡುವುದೇ ಗುರಿಯಾಗಬೇಕೆಂದು ಯಾರು ಹೇಳಿದರು? ಧಾರವಾಡದ ಕಸೂತಿಯಲ್ಲಿ ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕೆಂಪು, ಹಸುರು, ಕಿತ್ತಳೆಗಳ ಗೋಪುರವೂ ತೇರೂ ನಿಲ್ಲುತ್ತವೆ. ಅಲ್ಲಿ ಬಟ್ಟೆಯು ನೂಲಿನ ಸೇವಕ. ಕೌದಿಯಲ್ಲಿ ನೂಲಿಗೆ ಸೇವಕಿಯ ಸ್ಥಾನವನ್ನೇ ಕೊಟ್ಟಿದ್ದರು. ಈ ಕಟ್ಟನ್ನು ಲಕ್ಷಿಸದೆ ಹೊಲಿದವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸಿದ್ದಿ ಹೆಂಗಸರು. ಆಫ್ರಿಕದ ಮೂಲದ ಈ ಜನರ ಹೊದಿಕೆಗೆ ಕವಂದಿ ಎಂದು ಹೆಸರು. ಅಂಚಿನ ಮೂಲೆಯಿಂದ ತೊಡಗಿ, ಸುತ್ತಲೂ ಬಂದು, ನಡುವನ್ನು ಸೇರುವವರೆಗೆ ಸಾಗುವ ಹೊಲಿಗೆಯ ಸಾಲುಗಳು ಇಲ್ಲಿ ಅಡಗಿಕೊಳ್ಳುವುದಿಲ್ಲ. ಅನೇಕ ಕವಂದಿಗಳಲ್ಲಿ ಬಿಳಿಯ ನೂಲು ಗಾಢವಾದ ಚೂರುಗಳ ಮೇಲೆ ಉತ್ತ ಹೊಲದ ಗೆರೆಯಂತೆ ಕಾಣುತ್ತದೆ. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫುಲ’ಗಳನ್ನು ಇಡದಿದ್ದರೆ ಹೊದಿಕೆಯು ಬೆತ್ತಲೆಯೆಂದು ಅವರು ಎಣಿಸುವರು. ಹೊಲಿಗೆಯ ಉದ್ದ, ಅಂತರ, ತಿರುವುಗಳು ಒಬ್ಬೊಬ್ಬಳಿಗೂ ಬೇರೆ ಬೇರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರನು ಇವನ್ನು ಅಭ್ಯಸಿಸಿದನು. 2004ರಲ್ಲಿ ಅವರ ಸಹಕಾರಿ ಸಂಘವೊಂದು ಏರ್ಪಟ್ಟಿತು. 2011ರಲ್ಲಿ ಕವಂದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು. ಹೆಸರು ಬರೆಯುವ ವಾಡಿಕೆಯಿಲ್ಲದ ಕೆಲಸದಲ್ಲಿ ಕೈಯ ಗುರುತನ್ನು ಹೇಳಬಲ್ಲುದು ಕಾಣುವ ನೂಲೊಂದೇ. ಬಟ್ಟೆಯ ಬಣ್ಣಕ್ಕೆ ಸರಿಹೊಂದಿಸಿ ಮರೆಮಾಡಿದ ಹೊಲಿಗೆಯೊಡನೆ ಹೊಲಿದವಳೂ ಮರೆಯಾದಳು. ನೂರಾರು ವರ್ಷಗಳ ಕೌದಿಗಳಲ್ಲಿ ಹೀಗೆ ಮರೆಯಾದವರ ಲೆಕ್ಕವನ್ನು ಇಟ್ಟವರಿಲ್ಲ.

ಈಚೆಗೆ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಪಾಲಿಯೆಸ್ಟರ್ ನೂಲು. ಅದರ ಬಣ್ಣ ಹಾರದು, ಎಳೆ ಹರಿಯದು. ಅದೇ ಅದರ ದೋಷವೂ ಹೌದು. ಸವೆದ ಹತ್ತಿಬಟ್ಟೆಗೆ ಅದಕ್ಕಿಂತ ಬಲವಾದ ನೂಲನ್ನು ಹಾಕಿದರೆ, ಎಳೆದಾಗ ನೂಲು ಉಳಿದು ಬಟ್ಟೆ ಸೀಳುತ್ತದೆ. ಹರಿದ ನೂಲನ್ನು ಮತ್ತೆ ಹೊಲಿಯಬಹುದು; ಸೀಳಿದ ಸೀರೆಗೆ ತೇಪೆಯೇ ಗತಿ. ಹಳೆಯ ಕೌದಿಯನ್ನು ದುರಸ್ತುಮಾಡುವವರು ಹತ್ತಿನೂಲನ್ನೇ ಹುಡುಕಬೇಕು. ಅಂಗಡಿಯ ಬಿಳಿಯು ಹಳೆಯ ಬಿಳಿಗೆ ಹೊಂದುವುದಿಲ್ಲ. ಘಟ್ಟದ ಮೇಲೆ ಕೆಂಪಡಕೆಯನ್ನು ಬೇಯಿಸುವ ಕಡೆ ಚೊಗರು ಇದ್ದೇ ಇರುತ್ತದೆ. ಅದನ್ನು ತೆಳುಮಾಡಿ ನೂಲನ್ನು ಅದ್ದಿದರೆ ಬೇಕಾದ ಮಾಸಲು ಬರುತ್ತದೆ. ಬಂಟ್ವಾಳದ ಕಡೆ ಅಡಕೆಯನ್ನು ಬೇಯಿಸದೆ ಚಾಲಿ ಮಾಡುವುದರಿಂದ ಚೊಗರು ದೊರೆಯದು. ಅಲ್ಲಿ ಚಹದ ನೀರು ಆ ಕೆಲಸವನ್ನು ಮಾಡುತ್ತದೆ.

ಹೊಸ ಹಾಸನ್ನು ಹೊಲಿಯುವ ಮನೆಯಲ್ಲಿ ಅತ್ತೆಸೊಸೆಯರ ಮಾತು ತೀರದಿದ್ದರೆ ತೀರ್ಮಾನಕ್ಕೆ ಒಂದು ಉಪಾಯವಿದೆ. ಒಂದು ಮೊಳ ಕೆಂಪುನೂಲನ್ನು ಬಿಳಿಯ ಹತ್ತಿಬಟ್ಟೆಯ ಚಿಂದಿಯಲ್ಲಿ ಸುತ್ತಿ, ಸಾಬೂನು ಕಲಸಿದ ಬಿಸಿನೀರಿನಲ್ಲಿ ಅದ್ದಿ, ಹಿಂಡದೆ ಹಾಗೆಯೇ ರಾತ್ರಿಯೆಲ್ಲ ಒದ್ದೆಯಾಗಿ ಬಿಡಬೇಕು. ಬೆಳಗ್ಗೆ ಬಿಚ್ಚಿದಾಗ ಚಿಂದಿಯು ಬಿಳಿಯಾಗಿಯೇ ಇದ್ದರೆ ಸೊಸೆಯ ಕೆಂಪು. ಕೊಂಚವಾದರೂ ಗುಲಾಬಿಯಾಗಿದ್ದರೆ ಅತ್ತೆಯ ಬಿಳಿ.